ಪೋಡಿನ ಶಾಲೆಗೆ ಮುಕ್ತ ತಂತ್ರಾಂಶ

ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಮತ್ತು ಹೆಗ್ಗಡದೇವನಕೋಟೆಯ ಕಾಡಂಚಿನ ಆಶ್ರಮ ಶಾಲೆಗಳಲ್ಲಿ ಕಂಪ್ಯೂಟರ್ ಅಳವಡಿಸುವುದು ನನ್ನ ಕೆಲಸ. ಈ ಶಾಲೆಗಳಿಗೆ ನೆರವಾಗಬೇಕೆಂದು ಬರುವ ದಾನಿಗಳ ಮೊದಲ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಉಚಿತವಾದ ಒಳ್ಳೆಯ ತಂತ್ರಾಂಶ ಯಾವುದಾದರೂ ಹಾಕಿಕೊಡಿ.” ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೂ ಆ ‘ಉಚಿತ’ ಎಂಬ ಪದ ಕೇಳಿದಾಗಲೆಲ್ಲ ತಾಳ್ಮೆ ತಪ್ಪುತ್ತದೆ. ಹಾಗೆ ಉಚಿತವಾಗಿ ಬಂದ ಟ್ಯಾಬ್ಲೆಟ್ಟುಗಳು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿರುವುದನ್ನು ನಾನು ಕಂಡಿದ್ದೇನೆ.

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿರುವುದರಿಂದ ಅಲ್ಲಿ ಗೊಂದಲವಾಗುವುದು ಸಹಜ. ನಮ್ಮಲ್ಲಿ ಎರಡು ಬೇರೆ ಪದಗಳೇ ಇವೆ. ಹಣ ಕೊಡಬೇಕಿಲ್ಲದ್ದು ಉಚಿತ. ಬಳಸುವವರು ತೆರೆದು ನೋಡಿ, ತಮಗೆ ಬೇಕಾದಂತೆ ತಿದ್ದಿ, ತಿದ್ದಿದ್ದನ್ನು ಇತರರಿಗೆ ಹಂಚಲು ಪರವಾನಗಿಯೇ ಹಕ್ಕು ಕೊಟ್ಟಿರುವುದು ಮುಕ್ತ. ಮುಕ್ತವಾದದ್ದು ಸಾಮಾನ್ಯವಾಗಿ ಉಚಿತವಾಗಿಯೂ ಸಿಗುತ್ತದೆ, ಆದರೆ ಉಚಿತವಾದದ್ದೆಲ್ಲ ಮುಕ್ತವಲ್ಲ. ನಗರದ ಶಾಲೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ತೊಂದರೆ ಕೊಡದೇ ಇರಬಹುದು. ಸೋಲಿಗರ ಪೋಡಿನಲ್ಲಿ, ಜೇನುಕುರುಬರ ಹಾಡಿಯಲ್ಲಿ, ಅಂದರೆ ಈ ಕಾಡಿನ ಬುಡಕಟ್ಟುಗಳ ಊರುಗಳಲ್ಲಿ, ಎಲ್ಲವೂ ಅದರ ಮೇಲೆಯೇ ನಿಂತಿದೆ.

ಇದು ನನಗೆ ಮನದಟ್ಟಾದದ್ದು ಒಂದನೆಯ ತರಗತಿಯ ಒಂದು ಮಗುವಿನಿಂದ. ಪೋಡಿನ ಶಾಲೆಯೊಂದಕ್ಕೆ ದಾನಿಗಳು ಕೊಟ್ಟ ಟ್ಯಾಬ್ಲೆಟ್ಟುಗಳಲ್ಲಿ ಚಿತ್ರ ತೋರಿಸಿ ಪದ ಹೇಳುವ ಪಾಠವಿತ್ತು. ಒಂದು ಹುಳುವಿನ ಚಿತ್ರ ಮೂಡಿ, ‘ಜೇನುನೊಣ’ ಎಂಬ ಧ್ವನಿ ಕೇಳಿಸಿತು. ಆ ಹುಡುಗಿ ಚಿತ್ರವನ್ನು ಬಹಳ ಹೊತ್ತು ನೋಡಿ, “ಯಾವ ಜೇನು ಸಾ?” ಎಂದು ಕೇಳಿದಳು. ಎತ್ತರದ ಮರಗಳಲ್ಲಿಯೂ ಬಂಡೆಗಳಲ್ಲಿಯೂ ತೂಗುವ ಹೆಜ್ಜೇನು, ಪೊಟರೆಯಲ್ಲಿ ಮನೆ ಮಾಡುವ ತುಡುವೆ ಜೇನು, ಪೊದೆಯ ಟಿಸಿಲಿಗೆ ಅಂಟಿಕೊಂಡ ಕಡ್ಡಿ ಜೇನು, ಕುಟುಕದ ನಸರಿ ಜೇನು, ಈ ನಾಲ್ಕನ್ನೂ ಬೇರೆ ಬೇರೆಯಾಗಿ ಬಲ್ಲ ಮನೆಯ ಮಗು ಅದು. ಅವಳ ಪ್ರಶ್ನೆ ತೀರ ಸರಿಯಾಗಿತ್ತು. ಶಿಕ್ಷಕಿ ಆ ಒಂದು ಚಿತ್ರದ ಜಾಗದಲ್ಲಿ ನಾಲ್ಕನ್ನು ಹಾಕಲು ಬಯಸಿದರು. ತಂತ್ರಾಂಶವನ್ನು ತೆರೆಯುವಂತಿರಲಿಲ್ಲ, ಒದಗಿಸಿದವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಅದಕ್ಕೆ ಶಾಲೆ ಒಂದು ರೂಪಾಯಿಯನ್ನೂ ತೆತ್ತಿರಲಿಲ್ಲ, ನಿಜ. ಆದರೆ ಅದರೊಳಗಿನ ಒಂದು ಪದದ ಮೇಲೂ ಶಾಲೆಗೆ ಅಧಿಕಾರವಿರಲಿಲ್ಲ.

ಅದೇ ಶಾಲೆಯ ಎರಡು ಹಳೆಯ ಲ್ಯಾಪ್‌ಟಾಪುಗಳಿಗೆ ಮುಂದಿನ ಭೇಟಿಯಲ್ಲಿ ‘ಟಕ್ಸ್ ಪೇಂಟ್’ ಹಾಕಿದೆವು. 2002ರಿಂದ ಇರುವ, ಮಕ್ಕಳು ಚಿತ್ರ ಬರೆಯುವ ಈ ಮುಕ್ತ ತಂತ್ರಾಂಶದಲ್ಲಿ ‘ಸ್ಟ್ಯಾಂಪ್’ ಎಂಬ ಸೌಲಭ್ಯವಿದೆ. ಒಂದು ಚಿತ್ರದ ಕಡತ, ಅದೇ ಹೆಸರಿನ ಒಂದು ಪಠ್ಯ ಕಡತ, ಜೊತೆಗೆ ಧ್ವನಿಯ ಕಡತ, ಇವನ್ನು ಒಂದು ಫೋಲ್ಡರಿನಲ್ಲಿಟ್ಟರೆ ಆ ಚಿತ್ರ ಮಗುವಿನ ಪರದೆಗೆ ಬರುತ್ತದೆ. ಒತ್ತಿದರೆ ಹೆಸರು ಕಾಣುತ್ತದೆ, ಧ್ವನಿ ಕೇಳುತ್ತದೆ. ಪ್ರೋಗ್ರಾಮಿಂಗ್ ಬಲ್ಲವರು ಬೇಕಿಲ್ಲ. ಮಕ್ಕಳು ಬರೆದ ಜೇನಿನ ಚಿತ್ರಗಳನ್ನೇ ಮೊಬೈಲಿನಲ್ಲಿ ತೆಗೆದು ಬಳಸಿದೆವು. ತಂತ್ರಾಂಶದ ಭಾಷೆಗಳ ಪಟ್ಟಿಯಲ್ಲಿ ಸೋಲಿಗರ ನುಡಿ ಇಲ್ಲ, ಆ ನುಡಿಗೆ ಪ್ರತ್ಯೇಕ ಲಿಪಿಯೂ ಇಲ್ಲ. ಆದ್ದರಿಂದ ಪದಗಳನ್ನು ಕನ್ನಡ ಲಿಪಿಯಲ್ಲಿ, ಪಠ್ಯ ಕಡತದಲ್ಲಿ ಕನ್ನಡಕ್ಕೆಂದು ಮೀಸಲಾದ ಸಾಲಿನಲ್ಲಿಯೇ ಬರೆದೆವು. ಮೊದಲ ದಿನ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬಂದವು, ಏಕೆಂದರೆ ಶಿಕ್ಷಕಿ ತಮಗೆ ಅಭ್ಯಾಸವಿದ್ದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರು. ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಯೇ ಬರೆಯಬೇಕು ಎಂಬುದನ್ನು ನಾನು ಮೊದಲೇ ಹೇಳಬೇಕಾಗಿತ್ತು.

ಧ್ವನಿ ಕೊಟ್ಟವರು ಆ ಹುಡುಗಿಯ ಅಜ್ಜಿ. ಒಂದೊಂದೇ ಪದ ಸಾಕೆಂದು ನಾವು ಕೇಳಿಕೊಂಡಿದ್ದರೂ ಅವರು ಪ್ರತಿ ಜೇನಿಗೂ ಅದು ಎಲ್ಲಿ ಕಟ್ಟುತ್ತದೆ, ಯಾವ ಹೂವಿನ ಕಾಲದಲ್ಲಿ ತುಪ್ಪ ತುಂಬುತ್ತದೆ ಎಂಬುದನ್ನು ಸೇರಿಸಿಯೇ ಹೇಳಿದರು. ನಾವು ಏನನ್ನೂ ಕತ್ತರಿಸಲಿಲ್ಲ. ಮಕ್ಕಳು ಆ ಧ್ವನಿಯನ್ನು ಮತ್ತೆ ಮತ್ತೆ ಒತ್ತಿ ಕೇಳುತ್ತಿದ್ದ ಆ ಮಧ್ಯಾಹ್ನ ನನ್ನ ವೃತ್ತಿಯಲ್ಲಿಯೇ ನಾನು ಅತ್ಯಂತ ಸಂತೋಷಪಟ್ಟ ದಿನಗಳಲ್ಲೊಂದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವು ಬೋಧನೆಯ ಮಾಧ್ಯಮ ಕಾರ್ಯಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕು ಎನ್ನುತ್ತದೆ. ‘ಕಾರ್ಯಸಾಧ್ಯವಾದ ಮಟ್ಟಿಗೆ’ ಎಂಬ ಮಾತಿನ ಹಿಂದೆ ಇಷ್ಟು ದಿನ ನಾವೆಲ್ಲರೂ ಅಡಗಿಕೊಂಡಿದ್ದೇವೆ. ತಿದ್ದಬಹುದಾದ ತಂತ್ರಾಂಶವು ಆ ಮಟ್ಟವನ್ನು ಕೊಂಚವಾದರೂ ಮೇಲೆತ್ತುತ್ತದೆ ಎಂಬುದಷ್ಟೇ ನನ್ನ ವಾದ. ಮಗುವಿನ ನುಡಿಯನ್ನಾಡುವ ಶಿಕ್ಷಕರ ಜಾಗವನ್ನು ಅದು ತುಂಬುತ್ತದೆ ಎಂದು ನಾನು ಹೇಳುತ್ತಿಲ್ಲ.

ಇಂಟರ್ನೆಟ್ ಇಲ್ಲದಿರುವುದನ್ನೇ ದೊಡ್ಡ ಅಡ್ಡಿಯೆಂದು ಹಲವರು ಭಾವಿಸುತ್ತಾರೆ. ಅದಕ್ಕೆ ಪರಿಹಾರ ಸಿಕ್ಕಿ ಬಹಳ ಕಾಲವಾಯಿತು. ‘ಕೋಲಿಬ್ರಿ’ಯಂಥ ಮುಕ್ತ ತಂತ್ರಾಂಶವನ್ನು ಒಂದು ಪುಟ್ಟ ಕಂಪ್ಯೂಟರಿಗೆ ಹಾಕಿ, ಪಾಠಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ತುಂಬಿದರೆ, ಕೋಣೆಯೊಳಗಿನ ವೈಫೈ ಮೂಲಕವೇ ಮಕ್ಕಳ ಟ್ಯಾಬ್ಲೆಟ್ಟುಗಳಿಗೆ ಅವು ತಲುಪುತ್ತವೆ. ‘ಕಿವಿಕ್ಸ್’ ಮೂಲಕ ಕನ್ನಡ ವಿಕಿಪೀಡಿಯವನ್ನೂ ಹೀಗೆಯೇ ಇಟ್ಟುಕೊಳ್ಳಬಹುದು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಿಸಿ ಹೇಳಬೇಕು. ತಂತ್ರಾಂಶ ಮುಕ್ತವಾಗಿದೆ ಎಂದಮಾತ್ರಕ್ಕೆ ಅದರೊಳಗೆ ನಾವು ಇಡುವ ಹಾಡು, ಕಥೆ, ಮದ್ದಿನ ಗಿಡದ ತಿಳಿವಳಿಕೆಗಳೂ ಲೋಕಕ್ಕೆಲ್ಲ ಮುಕ್ತವಾಗಬೇಕಿಲ್ಲ. ಮುಕ್ತ ಪರವಾನಗಿಯಲ್ಲಿ ಒಮ್ಮೆ ಹೊರಬಿಟ್ಟದ್ದನ್ನು ಮರಳಿ ಪಡೆಯುವುದು ಸಾಧ್ಯವಿಲ್ಲವೆಂದೇ ತಿಳಿಯಬೇಕು. ಆ ಹುಡುಗಿಯ ಅಜ್ಜಿಯ ಧ್ವನಿ ಮೊದಲು ಆ ಎರಡು ಲ್ಯಾಪ್‌ಟಾಪುಗಳಲ್ಲಿ ಮಾತ್ರ ಇತ್ತು, ಏಕೆಂದರೆ ಅವರು ಒಪ್ಪಿದ್ದು ಶಾಲೆಯ ಮಕ್ಕಳಿಗಾಗಿ. ಪಕ್ಕದ ಪೋಡಿನ ಶಾಲೆಯವರು ಕೇಳಿದಾಗ ಮತ್ತೆ ಅವರ ಬಳಿಗೆ ಹೋಗಿ ಕೇಳಿಯೇ ಕೊಟ್ಟೆವು. ಕಾನೂನಿನ ಸೂಕ್ಷ್ಮಗಳು ನನ್ನ ಕ್ಷೇತ್ರವಲ್ಲ. ಆದರೆ ಹಿರಿಯರನ್ನೂ ಗ್ರಾಮಸಭೆಯನ್ನೂ ಮೊದಲು ಕೇಳಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ದಾನಿಗಳಲ್ಲಿ ನನ್ನ ಕೋರಿಕೆ ಚಿಕ್ಕದು. ಬೆಲೆ ಎಷ್ಟು ಎಂದು ಕೇಳುವ ಮೊದಲು, ಇದರಲ್ಲಿ ಒಂದು ಪದವನ್ನು ಬದಲಿಸಲು ಶಿಕ್ಷಕರಿಗೆ ಆಗುತ್ತದೆಯೇ ಎಂದು ಕೇಳಿ. ಸಾಧ್ಯವಿದ್ದರೆ ನಿಮ್ಮೆದುರಿಗೇ ಒಂದು ಪದವನ್ನು ಬದಲಿಸಿ ತೋರಿಸಲು ಹೇಳಿ. ಯಂತ್ರಗಳನ್ನು ಒಪ್ಪಿಸುವ ದಿನ ಅವುಗಳ ಮುಖ್ಯ ಪಾಸ್‌ವರ್ಡನ್ನು ನಿಮ್ಮ ಕಚೇರಿಗೆ ಒಯ್ಯಬೇಡಿ. ಶಾಲೆಯ ದಾಸ್ತಾನು ವಹಿಯಲ್ಲಿ, ಯಂತ್ರದ ಕ್ರಮಸಂಖ್ಯೆಯ ಪಕ್ಕದಲ್ಲಿಯೇ ಅದನ್ನು ಬರೆಯಿಸಿ, ಶಿಕ್ಷಕರ ಸಹಿ ಪಡೆದು ಹೊರಡಿ.