ಸ್ಟ್ರೋಕ್ ಆದರೆ ಹತ್ತಿರದ ಆಸ್ಪತ್ರೆಗಾ, ಸೀದಾ ಮಂಗಳೂರಿಗಾ?

ಪ್ರಶ್ನೆ: ನಮ್ಮ ಮನೆ ಮುಳ್ಳೇರಿಯಾದಿಂದ ಒಳಗೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಬಿಪಿ ಇದೆ. ಸ್ಟ್ರೋಕ್ ಏನಾದರೂ ಆದರೆ ಕಾಸರಗೋಡಿನಲ್ಲಿ ತೋರಿಸಿ ಹೊತ್ತು ಕಳೆಯುವುದಾ, ಸೀದಾ ಮಂಗಳೂರಿಗೆ ಓಡುವುದಾ? ಹೇಗೂ ಕೊನೆಗೆ ಅಲ್ಲಿಗೇ ಕಳಿಸ್ತಾರಲ್ವಾ?

ಉತ್ತರ: ನಿಮ್ಮ ಕೊನೆಯ ವಾಕ್ಯ ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇದೆ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ನಾವು ಮಂಗಳೂರನ್ನು ಎಷ್ಟು ನೆಚ್ಚಿಕೊಂಡಿದ್ದೇವೆ ಅಂತ ಚೆನ್ನಾಗಿಯೇ ಗೊತ್ತಾಯಿತು. ಆದರೂ ಉತ್ತರ ಸ್ವಲ್ಪ ಬೇರೆ. ಸಿಟಿ ಸ್ಕ್ಯಾನ್ ಮತ್ತು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್, ಈ ಎರಡೂ ಹಗಲು ರಾತ್ರಿ ಸಿಗುವ ಆಸ್ಪತ್ರೆ ಯಾವುದು ಹತ್ತಿರವೋ ಅಲ್ಲಿಗೆ ಹೋಗಿ.

ನಮ್ಮ ದೊಡ್ಡಪ್ಪ ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಸುಣ್ಣ ಎಲೆಗೆ ತಾಗದೆ ಪಂಚೆಗೆ ಬಳಿಯಿತು. ದೊಡ್ಡಮ್ಮ ಬೈದರು. ಇನ್ನೊಮ್ಮೆ ಹಾಗೇ ಆಯಿತು, ಸುಣ್ಣದ ಡಬ್ಬಿ ಉರುಳಿತು, ಬಾಯಿ ಒಂದು ಕಡೆಗೆ ವಾಲಿತು. ಗಾಳಿ ತಾಗಿದೆ ಅಂತ ಎಣ್ಣೆ ಬಿಸಿ ಮಾಡಿ ತಿಕ್ಕಿದ್ದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಮೊದಲು ಹೋದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಇರಲಿಲ್ಲ. ಎರಡನೆಯದರಲ್ಲಿ ಸ್ಕ್ಯಾನ್ ಇತ್ತು, ಇಂಜೆಕ್ಷನ್ ಇರಲಿಲ್ಲ. ಮೂರನೆಯದಕ್ಕೆ ತಲುಪುವಾಗ ಸ್ಟ್ರೋಕ್ ಶುರುವಾಗಿ ಐದು ಗಂಟೆ ದಾಟಿತ್ತು. ಆ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ.

ನಿಮ್ಮದೇ ಪ್ರಶ್ನೆಯನ್ನು ಸ್ಪೇನಿನ ಕ್ಯಾಟಲೋನಿಯಾದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಹೆಪ್ಪು ಸಿಕ್ಕಿ ಮೆದುಳಿನ ದೊಡ್ಡ ರಕ್ತನಾಳವೇ ಮುಚ್ಚಿರಬಹುದು ಅಂತ ಅನುಮಾನವಿದ್ದ, ಪೇಟೆಯಿಂದ ದೂರದ ಸುಮಾರು 1,400 ರೋಗಿಗಳಲ್ಲಿ ಕೆಲವರನ್ನು ಹತ್ತಿರದ ಸ್ಟ್ರೋಕ್ ಆಸ್ಪತ್ರೆಗೆ ಒಯ್ದರು. ಉಳಿದವರನ್ನು ಸೀದಾ ದೊಡ್ಡ ಕೇಂದ್ರಕ್ಕೆ ಒಯ್ದರು. ತೊಡೆಸಂದಿಯ ನಾಳದಿಂದ ತೆಳು ಕೊಳವೆ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯುವ ಸೌಲಭ್ಯ ಇರುವುದು ಆ ಕೇಂದ್ರಗಳಲ್ಲಿ. 2022ರಲ್ಲಿ ಫಲಿತಾಂಶ ಬಂತು: ಮೂರು ತಿಂಗಳ ಬಳಿಕ ಎರಡೂ ಗುಂಪಿನವರ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಮೇಲೆ ನೋಡಿದರೆ, ಅವರಲ್ಲಿ ಮೆದುಳಿನ ನಾಳ ಒಡೆದು ರಕ್ತ ಸೋರಿದ್ದವರಿಗೆ ದೂರದ ಪ್ರಯಾಣದಿಂದ ತೊಂದರೆಯೇ ಜಾಸ್ತಿ ಆಗಿತ್ತು.

ಇದನ್ನು ಹಾಗೇ ಎತ್ತಿ ನಮ್ಮೂರಿಗೆ ಅಂಟಿಸಲಾಗದು. ಅಲ್ಲಿನ "ಹತ್ತಿರದ ಆಸ್ಪತ್ರೆ" ಅಂದರೆ ಸ್ಟ್ರೋಕಿಗೆ ತಯಾರಾಗಿಯೇ ಇದ್ದ ಆಸ್ಪತ್ರೆ. ಸ್ಕ್ಯಾನ್ ಇಲ್ಲದ ಕಡೆ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದರೆ ಹೊತ್ತು ಹೋಗುತ್ತದೆ, ಅಷ್ಟೇ. ಅಂಥದ್ದಾದರೆ ಮಂಗಳೂರಿಗೇ ಓಡಿ.

ಇಂಜೆಕ್ಷನ್ ಕೂಡ ಈಗ ಸುಲಭವಾಗಿದೆ. ಹಳೆಯ ಔಷಧಿ ಆಲ್ಟೆಪ್ಲೇಸ್. ಅದನ್ನು ಸ್ವಲ್ಪ ಚುಚ್ಚಿ, ಉಳಿದದ್ದನ್ನು ಒಂದು ಗಂಟೆ ಡ್ರಿಪ್ಪಿನಲ್ಲಿ ಕೊಡಬೇಕು. ಟೆನೆಕ್ಟೆಪ್ಲೇಸ್ ಆದರೆ ಒಂದೇ ಸಲಕ್ಕೆ ಚುಚ್ಚಿ ಮುಗಿಯಿತು. ಹಳೆಯದಕ್ಕಿಂತ ಇದೇನೂ ಕಡಿಮೆಯಲ್ಲ ಅಂತ ಕೆನಡಾದಲ್ಲಿ ಸುಮಾರು 1,600 ರೋಗಿಗಳ ಮೇಲೆ ನಡೆದ ಅಧ್ಯಯನ 2022ರಲ್ಲಿ ತೋರಿಸಿತು. ಕಾಸರಗೋಡಿನಲ್ಲಿ ಚುಚ್ಚಿಸಿಕೊಂಡು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ ಅಲ್ವಾ?

ಅಪ್ಪನ ಬಿಪಿ ವಿಷಯ ಹೇಳಿದಿರಿ. ಬಾಯಿ ವಾಲಿದ ಕೂಡಲೇ ಬಿಪಿ ಮಾತ್ರೆ ಪುಡಿ ಮಾಡಿ ನಾಲಿಗೆ ಕೆಳಗಿಡುವವರಿದ್ದಾರೆ. ದಯವಿಟ್ಟು ಬೇಡ. ಚೀನಾದಲ್ಲಿ ಆಂಬುಲೆನ್ಸಿನಲ್ಲೇ ಬಿಪಿ ಇಳಿಸಿ ನೋಡಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ರೋಗಿಗಳು 2,404 ಮಂದಿ. ರಕ್ತ ಸೋರಿದ್ದವರಿಗೆ ಒಳ್ಳೆಯದಾಯಿತು, ನಾಳ ಮುಚ್ಚಿದ್ದವರಿಗೆ ಕೆಡುಕಾಯಿತು. ಯಾವ ಬಗೆಯದು ಅಂತ ಸ್ಕ್ಯಾನಿಗೆ ಮೊದಲು ಯಾರಿಗೂ ಹೇಳಲಾಗದು, ಮನೆಯವರಿಗಂತೂ ಸಾಧ್ಯವೇ ಇಲ್ಲ. ಆಸ್ಪಿರಿನ್ ಕೂಡ ಅದಕ್ಕೇ ಬೇಡ. ನೀರೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು.

"24 ಗಂಟೆಯವರೆಗೂ ಚಿಕಿತ್ಸೆ ಇದೆಯಂತೆ" ಅಂತಲೂ ಕೆಲವರು ಕೇಳುತ್ತಾರೆ. ಇದೆ. ಹೆಪ್ಪು ಎಳೆದು ತೆಗೆಯುವ ಚಿಕಿತ್ಸೆ ಆರರಿಂದ 24 ಗಂಟೆಯೊಳಗೂ ಕೆಲಸ ಮಾಡಬಲ್ಲದು ಅಂತ 2018ರಲ್ಲಿ ತಿಳಿಯಿತು. ಆದರೆ ಅದು ಎಲ್ಲರಿಗೂ ಅಲ್ಲ. ದೊಡ್ಡ ನಾಳ ಮುಚ್ಚಿದ್ದು, ಮೆದುಳಿನ ಹೆಚ್ಚಿನ ಭಾಗ ಇನ್ನೂ ಉಳಿದಿದೆ ಅಂತ ಸ್ಕ್ಯಾನಿನಲ್ಲಿ ಕಾಣಬೇಕು. ರಾತ್ರಿ ಮಲಗಿದವರು ಬೆಳಿಗ್ಗೆ ಕೈ ಬಿದ್ದು ಎದ್ದರೂ ಸುಮ್ನೆ ಕೈಚೆಲ್ಲಬೇಡಿ ಅನ್ನುವುದಕ್ಕೆ ಇದನ್ನು ಬಳಸಿ. ಊಟ ಮುಗಿಸಿ ಹೊರಡೋಣ ಅನ್ನುವುದಕ್ಕಲ್ಲ.

ದೊಡ್ಡಪ್ಪನನ್ನು ಒಯ್ದ ಮೂರನೆಯ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಕೊನೆಯದಾಗಿ ಇವರು ಸರಿಯಾಗಿದ್ದದ್ದನ್ನು ನೋಡಿದ್ದು ಎಷ್ಟು ಗಂಟೆಗೆ?" ನಾವು ನಾಲ್ವರು ನಾಲ್ಕು ಸಮಯ ಹೇಳಿದೆವು. ಚಿಕಿತ್ಸೆಯ ಲೆಕ್ಕ ಶುರುವಾಗುವುದೇ ಆ ಗಳಿಗೆಯಿಂದ. ಅಂಥ ಹೊತ್ತಿನಲ್ಲಿ ಗಡಿಯಾರ ನೋಡಿ ಅಂಗೈ ಮೇಲೇ ಬರೆದುಕೊಂಡರೂ ಆದೀತು.

ಇವತ್ತೇ ಮಧ್ಯಾಹ್ನ ಪುರುಸೊತ್ತಿದ್ದರೆ ಹತ್ತಿರದ ಎರಡು ಮೂರು ಆಸ್ಪತ್ರೆಗಳಿಗೆ ಫೋನ್ ಮಾಡಿ. "ರಾತ್ರಿ ಎರಡಕ್ಕೆ ಬಂದರೂ ಸ್ಕ್ಯಾನ್ ಆಗುತ್ತಾ? ಸ್ಟ್ರೋಕಿನ ಇಂಜೆಕ್ಷನ್ ಇಟ್ಟಿದ್ದೀರಾ?" ಅಂತ ಕೇಳಿ. ಎರಡಕ್ಕೂ ಹೌದು ಅಂದವರ ನಂಬರನ್ನು 108ರ ಪಕ್ಕದಲ್ಲಿ, ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆದಿಡಿ.