ನೇತ್ರಾಣಿಗೆ ಹೋದವರು ದ್ವೀಪದ ಮೇಲೆ ಇಳಿಯಬಹುದೇ?

ಪ್ರಶ್ನೆ: ಮುರುಡೇಶ್ವರಕ್ಕೆ ಕುಟುಂಬ ಸಮೇತ ಬರುತ್ತಿದ್ದೇವೆ. ಬುತ್ತಿ ಕಟ್ಟಿಕೊಂಡು ನೇತ್ರಾಣಿಗೆ ಹೋಗಿ, ಮಕ್ಕಳನ್ನು ಮರಳಲ್ಲಿ ಆಡಿಸಿ, ಸಂಜೆಗೆ ವಾಪಸಾಗಬಹುದೇ?

ಉತ್ತರ: ಬುತ್ತಿ ಬೇಡ. ನೇತ್ರಾಣಿಯಲ್ಲಿ ಆಡುವುದಕ್ಕೆ ಮರಳೇ ಇಲ್ಲ.

ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪದ ಸುತ್ತ ಇರುವುದು ಕಡಿದಾದ ಬಂಡೆ. ದೋಣಿ ಕಟ್ಟಲು ಧಕ್ಕೆಯಿಲ್ಲ. ಸಾಲದ್ದಕ್ಕೆ ನೌಕಾಪಡೆ ಇದನ್ನೇ ಗುರಿಯಾಗಿಟ್ಟುಕೊಂಡು ಗುಂಡು ಹಾರಿಸುವ ಅಭ್ಯಾಸ ನಡೆಸಿತ್ತು. ಸಿಡಿಯದ ಶೆಲ್‌ಗಳೂ ಅಲ್ಲಿ ಸಿಕ್ಕಿವೆ. ಮೇಲೆ ಬದುಕಿರುವುದು ಬಿಳಿ ಹೊಟ್ಟೆಯ ಕಡಲ ಹದ್ದುಗಳು ಮತ್ತು ಹರಕೆ ಹೊತ್ತ ಮೀನುಗಾರರು ಬಿಟ್ಟುಬಂದ ಆಡುಗಳು. ಅವುಗಳ ಪಾಡಿಗೆ ಅವುಗಳನ್ನು ಬಿಡುವುದೇ ಒಳ್ಳೆಯದು ಎಂಬುದು ನನ್ನ ಮತ.

ಹಾಗಾದರೆ ಜನ ಅಷ್ಟು ದೂರ ಹೋಗುವುದೇಕೆ? ನೀರಿನ ಕೆಳಗೆ ಇಳಿಯಲು. ಬಂಡೆಯ ಬುಡದಲ್ಲಿ ಹವಳಗಳಿವೆ. ಅವುಗಳನ್ನು ಕೊಕ್ಕಿನಂಥ ಬಾಯಿಂದ ಕೆರೆಯುವ ಗಿಳಿಮೀನುಗಳಿವೆ, ಅದೃಷ್ಟವಿದ್ದರೆ ಕಡಲಾಮೆಯೂ ಕಾಣುತ್ತದೆ. ಈಜು ಬಾರದವರನ್ನೂ ಇಳಿಸುತ್ತಾರೆ, ಏಕೆಂದರೆ ನಿಮ್ಮ ಬೆನ್ನಿಗೆ ಕಟ್ಟಿದ ಉಸಿರಾಟದ ಗಾಳಿಯ ಸಿಲಿಂಡರ್ ಹಿಡಿದು ತರಬೇತುದಾರ ಜೊತೆಯಲ್ಲೇ ಇರುತ್ತಾನೆ. ಮೊದಲ ಸಲದವರು 12 ಮೀಟರಿಗಿಂತ ಆಳಕ್ಕೆ ಹೋಗುವಂತಿಲ್ಲ. ಎರಡು ಮೂರು ಮೀಟರ್ ಇಳಿಯುವಷ್ಟರಲ್ಲೇ ಕಿವಿ ಒತ್ತತೊಡಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಬೇಕು, ನೋವು ಬರುವ ಮೊದಲೇ. ನೆಗಡಿಯಿದ್ದರೆ ಇದು ಸಾಧ್ಯವಾಗುವುದಿಲ್ಲ, ಆ ದಿನ ಇಳಿಯಲೇಬೇಡಿ. ಇನ್ನೊಂದು: ಖುಷಿಯಾಯಿತೆಂದು ಹೆಬ್ಬೆರಳು ಎತ್ತಬೇಡಿ. ನೀರಿನಡಿಯಲ್ಲಿ ಅದಕ್ಕೆ ‘ಮೇಲೆ ಹೋಗೋಣ’ ಎಂದರ್ಥ. ತರಬೇತುದಾರ ನಿಮ್ಮನ್ನು ನೇರ ಮೇಲಕ್ಕೆ ಕರೆತರುತ್ತಾನೆ. ಚೆನ್ನಾಗಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಿ ತೋರಿಸಬೇಕು.

ಹತ್ತು ವರ್ಷದೊಳಗಿನ ಮಕ್ಕಳನ್ನು ಸಾಮಾನ್ಯವಾಗಿ ಇಳಿಸುವುದಿಲ್ಲ. ಆಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ದೋಣಿ ಓಡುವಾಗಿನದಕ್ಕಿಂತ ಲಂಗರು ಹಾಕಿ ನಿಂತಾಗಲೇ ಹೆಚ್ಚು ತೊನೆಯುತ್ತದೆ. ವಾಂತಿಯ ಮಾತ್ರೆಯನ್ನು ದಡದಲ್ಲೇ ನುಂಗಿ. ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿದ್ದು ಮೀನಿನ ಪಾಲಾಗುತ್ತದೆ. ಮರಳುವಾಗ ವಿಮಾನ ಹತ್ತುವುದಿದ್ದರೆ ಒಮ್ಮೆ ಮುಳುಗಿದವರು ಕನಿಷ್ಠ 12 ಗಂಟೆ, ಹೆಚ್ಚು ಸಲ ಮುಳುಗಿದವರು 18 ಗಂಟೆ ಕಾಯಬೇಕು.

ನಿಮಗೆ ಮರಳೂ ಬೇಕು, ದ್ವೀಪವೂ ಬೇಕು ಎಂದಾದರೆ ಕಾರವಾರಕ್ಕೆ ಬನ್ನಿ. ಅಲ್ಲಿಂದ ದೋಣಿಯಲ್ಲಿ ಕೂರ್ಮಗಡಕ್ಕೆ ಹೋಗಬಹುದು. ನರಸಿಂಹ ದೇವಸ್ಥಾನವಿದೆ, ಪುಟ್ಟ ಕಡಲತೀರವಿದೆ, ದಾರಿಯಲ್ಲಿ ಡಾಲ್ಫಿನ್‌ಗಳ ಬೆನ್ನು ಕಾಣುವುದೂ ಉಂಟು. ಪಕ್ಕದ ಅಂಜುದೀವ್ ದ್ವೀಪದ ಆಸೆ ಬಿಡಿ. ಅದು ನೌಕಾನೆಲೆಗೆ ಸೇರಿದೆ. ಕೂರ್ಮಗಡದ ದೋಣಿಯವರು ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಬೇಡಿ, ‘ಇಲ್ಲೇ ಅಲ್ಲವೇ’ ಎಂದರೂ ಸರಿಯೇ. 2019ರ ಜನವರಿ 21ರಂದು ಅಲ್ಲಿನ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಆ ದೂರವೂ ‘ಇಲ್ಲೇ’ ಆಗಿತ್ತು.

ಮಳೆಗಾಲದಲ್ಲಿ ಎರಡೂ ಕಡೆ ಹೋಗುವ ಮಾತಿಲ್ಲ. ಅಕ್ಟೋಬರ್‌ನಲ್ಲಿ ದೋಣಿಗಳು ಹೊರಡುತ್ತವಾದರೂ ಹೊಳೆಗಳ ಕೆಂಪು ನೀರು ಪೂರ್ತಿ ತಿಳಿಯಾಗಿರುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಆದರೆ ಕ್ರಿಸ್‌ಮಸ್ ರಜೆಗೆ ಬರುವುದಾದರೆ ಕೊಠಡಿಯನ್ನು ಮೊದಲೇ ಕಾದಿರಿಸಿ, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ: ಗಾಳಿ ಎದ್ದರೆ ಆ ದಿನದ ದೋಣಿ ಹೊರಡುವುದಿಲ್ಲ.