ಪದ ಪರಿಚಯ: ಮಾರಲ್ ಪ್ಯಾನಿಕ್

ಇದನ್ನು ಕನ್ನಡದಲ್ಲಿ ‘ನೈತಿಕ ಭೀತಿ’ ಎಂದು ಬರೆಯುವುದುಂಟು. ಓದಿದರೆ ಯಾರೋ ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ಹೆದರಿದ ಹಾಗೆ ಕೇಳಿಸುತ್ತದೆ, ಅಲ್ವಾ? ಅರ್ಥ ಅದಲ್ಲ. ಯಾವುದೋ ಗುಂಪೋ, ಆಟವೋ, ವೇಷವೋ ನಮ್ಮ ಮಕ್ಕಳನ್ನು, ನಮ್ಮ ಊರನ್ನು ಹಾಳುಮಾಡಲು ಬಂದಿದೆ ಎಂದು ಜನ ಇದ್ದಕ್ಕಿದ್ದಂತೆ ಬೆಚ್ಚಿಬೀಳುತ್ತಾರೆ. ನಿಜವಾದ ಅಪಾಯ ಬೆರಳಷ್ಟಿದ್ದರೆ ಹೆದರಿಕೆ ಆನೆಯಷ್ಟಿರುತ್ತದೆ. ಅದೇ ಮಾರಲ್ ಪ್ಯಾನಿಕ್. ನನ್ನನ್ನು ಕೇಳಿದರೆ ‘ಗುಮ್ಮನ ಗುಲ್ಲು’ ಅನ್ನುತ್ತೇನೆ. ಬರೀ ಗುಮ್ಮ ಸಾಲದು, ಗುಲ್ಲು ಎಬ್ಬಿಸುವವರೂ ಬೇಕು.

ಅರ್ಬನ್ ಲೆಜೆಂಡ್ ಇದರ ಪಕ್ಕದ ಮನೆಯದು. ಅದು ‘ನನ್ನ ಫ್ರೆಂಡಿನ ಕಸಿನ್‌ಗೆ ಆಗಿದ್ದಂತೆ’ ಎಂದು ಶುರುವಾಗುವ ಕಥೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಇಂಥದೇ ಕಥೆ ನಂಬಿ. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ. ಬರಹ ಓದಿ ವಾಪಸ್ ಹೋಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಕನ್ನಡ ಓದಲು ಬರುವ, ಹೇಳಿದ ಮಾತು ಕೇಳುವ ದೆವ್ವ! ದೆವ್ವವನ್ನು ಹಿಡಿದು ಹೊಡೆಯಲು ಆಗುವುದಿಲ್ಲ. ಗುಮ್ಮನ ಜಾಗಕ್ಕೆ ಮನುಷ್ಯ ಬಂದಾಗ ಕಷ್ಟ.

ಮಾರಲ್ ಪ್ಯಾನಿಕ್ ಎಂಬ ಮಾತು ಬಳಕೆಗೆ ಬಂದದ್ದು ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೊಹೆನ್ 1972ರಲ್ಲಿ ಬರೆದ ಪುಸ್ತಕದಿಂದ. ಅವರು ಹಿಡಿದುಕೊಂಡ ಘಟನೆ ಚಿಕ್ಕದು. 1964ರ ಈಸ್ಟರ್ ರಜೆ, ಇಂಗ್ಲೆಂಡಿನ ಕಡಲ ದಂಡೆಯ ಊರು ಕ್ಲ್ಯಾಕ್ಟನ್. ಚಳಿ, ಮಳೆ. ಮಾಡಲು ಕೆಲಸವಿಲ್ಲದ ಹುಡುಗರು. ಸ್ಕೂಟರಿನವರು ‘ಮಾಡ್ಸ್’, ಮೋಟಾರ್ ಬೈಕಿನವರು ‘ರಾಕರ್ಸ್’. ಒಂದಿಷ್ಟು ಕೈಕೈ ಮಿಲಾಯಿಸಿದರು, ಒಂದಿಷ್ಟು ಗಾಜು ಒಡೆದರು. ಕೊಹೆನ್ ಕೊಟ್ಟ ಲೆಕ್ಕದಲ್ಲಿ ಅಲ್ಲಿ ಆದ ನಷ್ಟ 513 ಪೌಂಡ್. ಪತ್ರಿಕೆಗಳು ಬರೆದದ್ದು ಮಾತ್ರ ಯುದ್ಧ, ಮುತ್ತಿಗೆ, ದಾಳಿ ಎಂದು.

ಕೊಹೆನ್ ತೋರಿಸಿದ ಒಂದು ಸಣ್ಣ ಕೈಚಳಕ ನನಗೆ ತುಂಬ ಇಷ್ಟ. ಒಂದು ದೋಣಿ ಮಗುಚಿದರೆ ವರದಿಯಲ್ಲಿ ‘ದೋಣಿಗಳು ಮಗುಚಿದವು’ ಎಂದು ಬರುತ್ತಿತ್ತಂತೆ. ಎಲ್ಲ ಕೆಲಸ ಮಾಡಿದ್ದು ಬಹುವಚನ! ನಮ್ಮ ‘ಗಳು’ ಕೂಡ ಇದರಲ್ಲಿ ಕಡಿಮೆಯಿಲ್ಲ. ಎಲ್ಲೋ ಒಬ್ಬ ಅನುಮಾನದ ವ್ಯಕ್ತಿ ಕಂಡರೆ ಟಿವಿಯ ಕೆಳಗೆ ಓಡುವ ಸಾಲಿನಲ್ಲಿ ‘ಖದೀಮರು’ ಆಗುತ್ತಾರೆ. ಅದರ ಕೊನೆಗೊಂದು ಪ್ರಶ್ನೆ ಚಿಹ್ನೆ. ‘ಊರಿಗೆ ಬಂದಿದ್ದಾರಾ ಮಕ್ಕಳ ಕಳ್ಳರು?’ ನಾವು ಹೇಳಿಲ್ಲ, ಸುಮ್ನೆ ಕೇಳಿದ್ದೇವೆ ಅಷ್ಟೇ ಅನ್ನುವ ಜಾಣತನ. ಪೊಲೀಸ್ ಠಾಣೆಗೆ ಒಂದು ಫೋನ್ ಮಾಡಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ನೋಡುವವರ ತಲೆಗೆ ಕಟ್ಟಿದ ಹಾಗೆ.

2001ರ ಮೇ ತಿಂಗಳಲ್ಲಿ ದೆಹಲಿ ‘ಮಂಕಿ ಮ್ಯಾನ್’ಗೆ ಹೆದರಿತ್ತು. ಬಿರುಬೇಸಿಗೆ, ಕರೆಂಟ್ ಹೋಗುತ್ತಿತ್ತು, ಜನ ಮಾಳಿಗೆಯ ಮೇಲೆ ಮಲಗುತ್ತಿದ್ದರು. ಒಬ್ಬರು ಕೋತಿ ಅಂದರು, ಇನ್ನೊಬ್ಬರು ಹೆಲ್ಮೆಟ್ ಹಾಕಿದ ಮನುಷ್ಯ ಅಂದರು, ಮತ್ತೊಬ್ಬರು ಕಬ್ಬಿಣದ ಉಗುರು ಸೇರಿಸಿದರು. ವರದಿ ಮಾಡುವವರು ಎಲ್ಲವನ್ನೂ ಕೂಡಿಸುತ್ತಾ ಹೋದರು. ‘ಬಂತು’ ಎಂದು ಯಾರೋ ಕೂಗಿದ್ದಕ್ಕೇ ಮಾಳಿಗೆಯಿಂದ ಬಿದ್ದು ಸತ್ತವರಿದ್ದಾರೆ. ಆ ಪ್ರಾಣಿ ಮಾತ್ರ ಯಾರ ಕೈಗೂ ಸಿಗಲಿಲ್ಲ.

ಗುಲ್ಲು ಎಬ್ಬಿಸಲು ಈಗ ಪತ್ರಿಕೆ, ಟಿವಿಯೇ ಬೇಕಿಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ದೇಶದ ತುಂಬ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊರರಾಜ್ಯದ ಒಬ್ಬ ಕೂಲಿಕಾರನನ್ನು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಕಾರಿನಲ್ಲಿ ಬಂದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಅನುಮಾನ. ಅವರು ತಪ್ಪಿಸಿಕೊಂಡು ಹೊರಟರೆ ಕಾರಿಗಿಂತ ಮೊದಲು ವಾಟ್ಸಾಪ್ ಮೆಸೇಜು ಮುರ್ಕಿ ಊರು ಮುಟ್ಟಿತ್ತು. ಅಲ್ಲಿ ರಸ್ತೆ ಅಡ್ಡಗಟ್ಟಿದರು. ಒಬ್ಬ ಸತ್ತ.

ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಓಡಾಡಿದ ಒಂದು ವಿಡಿಯೋ ಇತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳನ್ನು ಜೋಪಾನ ಮಾಡಿ ಎಂದು ಹೇಳಲು ಮಾಡಿದ ಚಿತ್ರ. ಪೂರ್ತಿ ನೋಡಿದರೆ ಬೈಕಿನವರು ತಿರುಗಿ ಬರುತ್ತಾರೆ, ಮಗುವನ್ನು ಇಳಿಸುತ್ತಾರೆ, ಎಚ್ಚರಿಕೆಯ ಒಂದು ಫಲಕ ಹಿಡಿದು ತೋರಿಸುತ್ತಾರೆ. ನಮ್ಮಲ್ಲಿ ಹಬ್ಬಿದ ತುಣುಕಿನಲ್ಲಿ ಮಗು ವಾಪಸ್ ಬರುವುದೇ ಇಲ್ಲ.